ಪೆಂಗ್ವಿನ್ನಿಗೆ ಮನೆ ಸಿಕ್ಕಿತು, ಹೆಸರು ಸಿಗಲಿಲ್ಲ

ಊರಿಂದ ಅತ್ತಿಗೆ ಮಗಳನ್ನು ಕರೆದುಕೊಂಡು ಮುಂಬಯಿಗೆ ಬಂದರೆ ತೋರಿಸಲು ನಮ್ಮ ಹತ್ತಿರ ಮೂರೇ ಜಾಗ. ಗೇಟ್‌ವೇ, ಜುಹು, ಭಾಯಖಳದ ರಾಣಿಬಾಗ್ ಮೃಗಾಲಯ. ಮೇ ತಿಂಗಳಾದರೆ ರಾಣಿಬಾಗೇ ಮೊದಲು. ಬುಧವಾರ ರಜೆ ಅನ್ನೋದೊಂದು ನೆನಪಿಟ್ಟುಕೊಂಡರೆ ಆಯ್ತು. ಟಿಕೆಟ್ 2017ರವರೆಗೆ ಐದು ರೂಪಾಯಿ ಇತ್ತು, ಪೆಂಗ್ವಿನ್ ಬಂದ ಮೇಲೆ ಐವತ್ತಾಯಿತು. ಆದರೂ ನಷ್ಟವಿಲ್ಲ. ಪೆಂಗ್ವಿನ್ ಮನೆಯ ಗಾಜಿಗೆ ಕೆನ್ನೆ ಒತ್ತಿ ನಿಂತರೆ ಎಷ್ಟು ತಣ್ಣಗಿರುತ್ತದೆ ಅಂತೀರಿ! ಕಾವಲುಗಾರ ಶಿಳ್ಳೆ ಊದುವವರೆಗೆ ನಿಲ್ಲಬಹುದು.

ಈ ಸಲ ಜೊತೆಗೆ ಮಾವನೂ ಬಂದಿದ್ದರು. ಹದಿನೇಳನೇ ವಯಸ್ಸಿಗೆ ಕುಂದಾಪುರದಿಂದ ಬಂದು ಪರೇಲಿನ ಬಟ್ಟೆ ಮಿಲ್ಲೊಂದರ ಕ್ಯಾಂಟೀನಿಗೆ ಸೇರಿದವರು. 1982ರ ಮುಷ್ಕರದಲ್ಲಿ ಮಿಲ್ಲೂ ಹೋಯಿತು, ಕ್ಯಾಂಟೀನೂ ಹೋಯಿತು. ಆಮೇಲೆ ಹೋಟೆಲಿನ ಗಲ್ಲಾ. ಚಾಳಿನಲ್ಲಿ, ಅಂದರೆ ಮುಂಬಯಿಯ ವಠಾರದಲ್ಲಿ, ಹತ್ತು ಅಡಿಗೆ ಹನ್ನೆರಡು ಅಡಿಯ ಖೋಲಿಯಲ್ಲಿ ಐದು ಮಂದಿ ಬಾಳ್ವೆ ಮಾಡಿದವರು.

"ಮಂಜುಗಡ್ಡೆ ಎಲ್ಲಿ?" ಮಗು ಗಾಜಿನಾಚೆ ನೋಡುತ್ತಾ ಕೇಳಿತು. ನಾನು ಫಲಕ ಓದಿ ಹೇಳಿದೆ. ಇವು ಹಂಬೋಲ್ಟ್ ಪೆಂಗ್ವಿನ್. ಪೆರು, ಚಿಲಿ ದೇಶಗಳ ಕಡಲ ತೀರದವು. ಅಲ್ಲಿ ತಣ್ಣನೆಯ ನೀರಿದೆ, ದಡದಲ್ಲಿ ಮಂಜುಗಡ್ಡೆ ಇಲ್ಲ.

ಮಾವನ ಮುಖ ಅರಳಿತು. "ಅಂದ್ರೆ ಕರಾವಳಿಯವು. ಮೀನು ತಿನ್ನುವವು. ದಕ್ಷಿಣದ ಕಡೆಯವು. ಇಲ್ಲಿಯ ಜನ ಎಲ್ಲವನ್ನೂ ಒಟ್ಟು ಸೇರಿಸಿ ಅಂಟಾರ್ಕ್ಟಿಕಾ ಅಂತಾರೆ. ನಮ್ಮನ್ನು ಮದ್ರಾಸಿ ಅಂದ ಹಾಗೆ, ಅಲ್ವಾ?"

ಅಲ್ಲಿಂದ ಮುಂದೆ ಮಾವನಿಗೆ ಅವು ಹಕ್ಕಿಗಳಾಗಿ ಉಳಿಯಲಿಲ್ಲ, ಊರಿನವರಾದವು. ಲೆಕ್ಕ ಶುರುವಾಯಿತು. 2016ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಎಂಟು ಬಂದವು. ಒಂದು ಆ ವರ್ಷವೇ ತೀರಿಕೊಂಡಿತು. ಉಳಿದ ಏಳಕ್ಕೆ ಪಾಲಿಕೆ ಕೊಟ್ಟದ್ದು 1,700 ಚದರಡಿ ಮನೆ. ತಲಾ 243 ಚದರಡಿ. ಜೊತೆಗೆ 16ರಿಂದ 18 ಡಿಗ್ರಿಯ ಎಸಿ, ಈಜುಕೊಳ, ಬಾಗಿಲಿಗೆ ಬರುವ ಮೀನು, ಮನೆಗೇ ಬರುವ ಡಾಕ್ಟರು. ಇದೇ ನಗರದಲ್ಲಿ ಕೊಳೆಗೇರಿ ಪುನರ್ವಸತಿ ಯೋಜನೆಯ ಪ್ರಕಾರ ಇಡೀ ಸಂಸಾರಕ್ಕೆ ಸಿಗುವುದು 300 ಚದರಡಿ. ಡೆಪಾಸಿಟ್ ಕೇಳಲಿಲ್ಲ, ಪಗಡಿ (ಬಾಡಿಗೆ ಮನೆ ಹಿಡಿಯಲು ಮೊದಲೇ ಕೊಡುವ ದೊಡ್ಡ ಗಂಟು) ಕೇಳಲಿಲ್ಲ, "ನೀವು ಮಾಂಸಾಹಾರಿಗಳಾ?" ಅಂತಲೂ ಯಾವ ಹೌಸಿಂಗ್ ಸೊಸೈಟಿ ಕೇಳಲಿಲ್ಲ. ಮುಂಬಯಿಯಲ್ಲಿ ಮೀನು ತಿನ್ನುವವರಿಗೆ ಇಷ್ಟು ಸುಲಭವಾಗಿ ಮನೆ ಸಿಕ್ಕಿದ್ದನ್ನು ನಾನಂತೂ ನೋಡಿಲ್ಲ.

ಆದರೆ ಮರಿಗಳಾದವಲ್ಲ! ಈಗ ಸಂಖ್ಯೆ ಇಪ್ಪತ್ತರ ಆಸುಪಾಸು. ಮನೆ ಅಷ್ಟೇ ಅಂತಿಟ್ಟುಕೊಂಡರೆ ತಲಾ 85 ಚದರಡಿ. "ಈಗ ಇವು ಮುಂಬಯಿಯವಾದವು ನೋಡು," ಅಂದರು ಮಾವ.

ಅದೊಂದು ಹೇಳಬಾರದಿತ್ತು. ಯಾಕೆಂದರೆ ಮುಂಬಯಿಯವು ಹೌದೋ ಅಲ್ಲವೋ ಎಂಬುದೇ 2025ರ ಜುಲೈಯಲ್ಲಿ ದೊಡ್ಡ ಗಲಾಟೆ. ಇಲ್ಲಿಯ ಮಣ್ಣಲ್ಲಿ ಹುಟ್ಟಿದ ಮರಿಗಳಿಗೆ ಇಂಗ್ಲಿಷ್ ಹೆಸರು ಯಾಕೆ, ಮರಾಠಿ ಹೆಸರಿಡಿ ಎಂದು ರಾಜಕೀಯ ಪಕ್ಷವೊಂದರವರು ಪ್ರತಿಭಟನೆ ಮಾಡಿದರು. ಮರಾಠಿಗೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿದೆ, ಹಾಗಿದ್ದೂ ಹೀಗಾ ಎಂಬ ವಾದ. (ಕನ್ನಡಕ್ಕೆ 2008ರಲ್ಲೇ ಸಿಕ್ಕಿತ್ತು. ನಾವು ಗೋಡೆಯ ಮೇಲಿನ ಒಂದು ಹಲ್ಲಿಗೂ ಹೆಸರಿಡಲು ಹೋಗಲಿಲ್ಲ. ನಮ್ಮ ಸೋಮಾರಿತನಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?)

ಮನೆ ಚಿಕ್ಕದಾಯಿತು ಅಂತ ಯಾರೂ ಘೋಷಣೆ ಕೂಗಲಿಲ್ಲ. ನಾಳೆ ಪೆಂಗ್ವಿನ್‌ಗೆ ವಾಸದ ದಾಖಲೆ, ನಾಡಿದ್ದು ಮರಾಠಿ ಬರುತ್ತದಾ ಅಂತ ಪರೀಕ್ಷೆ. ಫೇಲಾದರೆ ವಾಪಸ್ ಕಳಿಸುವುದೆಲ್ಲಿಗೆ? ಪೆರುವಿಗೋ ಸೋಲ್‌ಗೋ?

ಮುಂದೆ ಬರಲಿರುವವರ ಪಟ್ಟಿಯೂ ಸಣ್ಣದಲ್ಲ. ಪಕ್ಕದ ಮಫತ್‌ಲಾಲ್ ಮಿಲ್ಲಿನ ಜಾಗಕ್ಕೆ ರಾಣಿಬಾಗನ್ನು ವಿಸ್ತರಿಸಿ ಚೀತಾ, ಜಾಗ್ವಾರ್, ಜಿರಾಫೆ ಎಲ್ಲ ತರಬೇಕು ಅಂತ ಯೋಜನೆ. ಮುಚ್ಚಿದ ಮಿಲ್ಲುಗಳ ಕಾರ್ಮಿಕರ ಮಕ್ಕಳು ಸರ್ಕಾರಿ ಮನೆಗೆ ಅರ್ಜಿ ಹಾಕಿ ಲಾಟರಿ ಕಾಯುತ್ತಿದ್ದಾರೆ. ಜಾಗ್ವಾರ್ ಅರ್ಜಿಯನ್ನೇ ಹಾಕಿಲ್ಲ, ಹೆಸರು ಪಟ್ಟಿಯಲ್ಲಿದೆ. ಸಿಂಹದ ಕಥೆ ಇನ್ನೂ ಚೆನ್ನ. ಗುಜರಾತಿನ ಜುನಾಗಢದಿಂದ ಸಿಂಹ ತರಲು ಮಾತುಕತೆ ಆಯಿತು. ಅವರು ಬದಲಿಗೆ ಝೀಬ್ರಾ ಕೇಳಿದರು. ನಮ್ಮ ಹತ್ತಿರ ಝೀಬ್ರಾ ಇಲ್ಲ. ಹಾಗಾಗಿ ಸಿಂಹ ಬೇಕೆಂದರೆ ಮೊದಲು ಎಲ್ಲಿಂದಾದರೂ ಝೀಬ್ರಾ ಹುಡುಕಬೇಕು. ಹುಡುಗಿ ಕೊಡುತ್ತೇವೆ, ನಮ್ಮ ಹುಡುಗನಿಗೂ ನಿಮ್ಮ ಕಡೆಯಿಂದ ಹೆಣ್ಣು ತನ್ನಿ ಎನ್ನುವ ಬೀಗರ ಹಾಗಾಯಿತು ಇದು.

ಬಿಸಿಲಿಗೆ ಸುಸ್ತಾಗಿ ಹೊರಗೆ ಬಂದೆವು. ಭಾವು ದಾಜಿ ಲಾಡ್ ಮ್ಯೂಸಿಯಂ ಪಕ್ಕದಲ್ಲಿ ಕಲ್ಲಿನ ಆನೆ ನಿಂತಿದೆ. ಘಾರಾಪುರಿ ದ್ವೀಪದ್ದು, ಆ ದ್ವೀಪಕ್ಕೆ ಎಲಿಫೆಂಟಾ ಎಂಬ ಹೆಸರು ಬಂದದ್ದೇ ಇದರಿಂದ. 1814ರಲ್ಲಿ ಇದರ ತಲೆ, ಕುತ್ತಿಗೆ ಕಳಚಿ ಬಿದ್ದವು, ಆಮೇಲೆ ಮೈಯೂ ಕುಸಿಯಿತು. 1864ರಲ್ಲಿ ಆ ಚೂರುಗಳನ್ನು ಈ ತೋಟಕ್ಕೆ ತಂದರು. ಜೋಡಿಸಿ ನಿಲ್ಲಿಸಿದ್ದು 1914ರಲ್ಲಿ! ಪಾಲಿಕೆಯ ಕೆಲಸ ತಡವಾಗುತ್ತದೆ ಎಂದು ಗೊಣಗುವವರು ಒಮ್ಮೆ ಇದನ್ನು ನೋಡಬೇಕು. ಬೆನ್ನ ಮೇಲೆ ಜೋಡಿಸಿದ ಗೆರೆಗಳು ಇನ್ನೂ ಕಾಣುತ್ತವೆ.

"ಇದರ ಹೆಸರೇನು ಅಜ್ಜ?" ಮಗು ಕೇಳಿತು.

ಮಾವ ನೆರಳಿನಲ್ಲಿ ಕೂತಿದ್ದ ಕಾವಲುಗಾರನನ್ನು ಮರಾಠಿಯಲ್ಲೇ ವಿಚಾರಿಸಿದರು. ಅವನು ತಲೆ ಎತ್ತದೆ, "ಹತ್ತಿ" ಅಂದ. ಮರಾಠಿಯಲ್ಲಿ ಆನೆ.

ಮಾವ ಕಲ್ಲಿನ ಆನೆಯನ್ನು ನೋಡಿದರು. ಆಮೇಲೆ ಮಿಲ್ಲಿನ ಜಾಗದ ಕಡೆ ತಿರುಗಿದರು.

"ಹೌದಪ್ಪ," ಅಂದರು ಕನ್ನಡದಲ್ಲಿ. "ಈ ಊರಿನಲ್ಲಿ ಉಳಿದಿರೋ ಹತ್ತಿ ಇದೊಂದೇ."