ಹೋಟೆಲು ಹೋಯಿತು, ಮೊಗಸಾಲೆ ಉಳಿಯಿತು

ಊರಿನಿಂದ ಯಾರೇ ಬರಲಿ, ಜಪಾನಿನ ನಾಗೋಯಾದಲ್ಲಿರುವ ನಾನು ಅವರನ್ನು ಮೊದಲು ಕರೆದೊಯ್ಯುವುದು ಇನುಯಾಮಾದ ಮೇಜಿ ಮುರಾಕ್ಕೆ. ಹಳೆಯ ಕಟ್ಟಡಗಳನ್ನು ಬಿಚ್ಚಿ ತಂದು ಮರಳಿ ಕಟ್ಟಿರುವ ಬಯಲು ವಸ್ತುಸಂಗ್ರಹಾಲಯ ಅದು. ಅಮ್ಮ ಬಂದಾಗಲೂ ಅಲ್ಲಿಗೇ ಹೋದೆವು.

ಅಲ್ಲಿ ಟೋಕಿಯೋದ ಇಂಪೀರಿಯಲ್ ಹೋಟೆಲಿನ ಮೊಗಸಾಲೆಯಿದೆ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ರೂಪಿಸಿದ ಆ ಹೋಟೆಲಿನ ಉದ್ಘಾಟನೆ 1923ರ ಸೆಪ್ಟೆಂಬರ್ 1ರಂದು ನಡೆಯಬೇಕಿತ್ತು. ಅದೇ ಮಧ್ಯಾಹ್ನ ಕಾಂಟೊ ಭೂಕಂಪ ಬಂತು. ಊರು ಹೊತ್ತಿ ಉರಿದರೂ ಹೋಟೆಲು ಅಲ್ಪಸ್ವಲ್ಪ ಪೆಟ್ಟು ತಿಂದು ನಿಂತಿತು. ಬೆಂಕಿ ತಡೆಯಲು ಅದರ ಅಂಗಳದ ಕೊಳದ ನೀರೇ ಒದಗಿತು. ಮುಂದೆ ಯುದ್ಧದ ಬಾಂಬುಗಳೂ ಬಿದ್ದವು. ಕೆಸರು ನೆಲದಲ್ಲಿ ಕಟ್ಟಡ ಒಂದೊಂದು ಕಡೆ ಒಂದೊಂದು ಅಳತೆಗೆ ಇಳಿಯತೊಡಗಿತು. ನೆಲದ ಬೆಲೆ ಏರಿತು. ಎಷ್ಟೋ ಜನ ಬೇಡವೆಂದರೂ 1968ರಲ್ಲಿ ಕೆಡವಿ, 1970ರ ಹೊತ್ತಿಗೆ ಬಹುಮಹಡಿ ಹೋಟೆಲು ಕಟ್ಟಿದರು. ಹಣದಾಸೆ ಜಪಾನೀಯರಿಗೂ ಇದೆ.

ಆದರೆ ಮುಂಭಾಗವನ್ನು ಅವರು ಎಸೆಯಲಿಲ್ಲ. ಮೇಜಿ ಮುರಾದಲ್ಲಿ ಅದರ ಹೊರಮೈ 1976ಕ್ಕೆ ಎದ್ದಿತು, ಒಳಗಿನ ಕೆಲಸ ಮುಗಿದದ್ದು 1985ಕ್ಕೆ. ಬೇಲೂರಿನ ಬಳಪದ ಕಲ್ಲು ಗಾಳಿಗೊಡ್ಡಿದಷ್ಟೂ ಗಟ್ಟಿಯಾಗುತ್ತದೆ. ಈ ಹೋಟೆಲಿಗೆ ಬಳಸಿದ ಓಯಾ ಕಲ್ಲು ಮೈತುಂಬ ತೂತಿನ ಮೆದುಕಲ್ಲು, ಮಳೆಗೆ ಸವೆಯುತ್ತದೆ. ಸವೆದ ಕಡೆ ಕಾಂಕ್ರೀಟಿನ ಅಚ್ಚು ಸೇರಿಸಿದ್ದಾರೆ. ಅದನ್ನು ದೋಷವೆಂದು ನಾನು ಎಣಿಸುವುದಿಲ್ಲ.

ಒಳಗೆ ದೀಪವಿಟ್ಟ ಜಾಲರಿ ಕಂಬದ ಮೇಲೆ ಅಮ್ಮ ಅಂಗೈ ಊರಿ, "ನಮ್ಮ ದೇವಸ್ಥಾನದ ಜಾಲಂಧ್ರದ ಹಾಗಿದೆಯಲ್ಲೋ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ವಿಕ್ಟೋರಿಯಾದ ಬಾಗಿಲುಗಳನ್ನೆಲ್ಲ ಯಾರು ಕೊಂಡೊಯ್ದರೋ!" ಎಂದರು. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲಿಗೆ, ಆ ದೊಡ್ಡ ಮರಗಳ ಕೆಳಗೆ ತಿಂಡಿಗೆಂದು, ಮದುವೆಯಾದ ಹೊಸತರಲ್ಲಿ ಅಪ್ಪ ಅವರನ್ನು ಕರೆದೊಯ್ದಿದ್ದರಂತೆ. ಅಲ್ಲಿ ಮಾಲ್ ಬಂತು. ಅದರ ಒಂದು ಕಿಟಕಿಯನ್ನಾದರೂ ನನ್ನ ಮಗಳಿಗೆ ತೋರಿಸೋಣವೆಂದರೆ ಎಲ್ಲಿಗೆ ಕರೆದೊಯ್ಯಲಿ?

ಈ ವಿದ್ಯೆ ನಮಗೆ ಬಾರದ್ದೇನೂ ಅಲ್ಲ. ಮಣಿಪಾಲದ ಹಸ್ತಶಿಲ್ಪ ಎಂಬ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಕುಂಜೂರಿನ ಚೌಕಿ ಮನೆಯನ್ನೂ ಕುಕನೂರಿನ ಕಮಲ ಮಹಲನ್ನೂ ಬಿಚ್ಚಿ ತಂದು ನಿಲ್ಲಿಸಿ ತೋರಿಸಿದ್ದಾರೆ. ಒಬ್ಬರ ಹಟದಿಂದ ಅಷ್ಟಾಗುವುದಾದರೆ ಸರ್ಕಾರಕ್ಕೆ ಏನು ಅಡ್ಡಿ? ಹಳೆಯ ಕಟ್ಟಡ ಕೆಡವಲು ಅನುಮತಿ ಕೊಡುವ ಮೊದಲು ಅಳತೆಯ ನಕ್ಷೆ ತಯಾರಾಗಲಿ. ಕಂಬ, ಬಾಗಿಲು, ಮೆಟ್ಟಿಲುಗಳಿಗೆ ಸಂಖ್ಯೆ ಬರೆದು ಇಳಿಸಲಿ. ಮತ್ತೆ ಕಟ್ಟಲು ಇಲ್ಲಿಯವರಂತೆ 17 ವರ್ಷ ಹಿಡಿದರೂ ಚಿಂತೆಯಿಲ್ಲ. ಅಲ್ಲಿಯವರೆಗೆ ಅವುಗಳ ಮೇಲೊಂದು ತಗಡಿನ ಸೂರಿದ್ದರೆ ಸಾಕು.