ಮಂಡ್ಯದ ಗದ್ದೆಗೂ ಒಂದು ಇಂಗಾಲದ ಲೆಕ್ಕ ಬೇಕು

ಮೈಸೂರಿನಿಂದ ಗುಂಡ್ಲುಪೇಟೆ ದಾಟಿ ಕಲ್ಲಿಕೋಟೆಗೆ ಹೋಗುವ ಹೆದ್ದಾರಿಯಲ್ಲಿ, ಸುಲ್ತಾನ್ ಬತ್ತೇರಿಗೂ ಕಲ್ಪೆಟ್ಟಕ್ಕೂ ನಡುವೆ ಮೀನಂಗಾಡಿ ಎಂಬ ಊರಿದೆ. ಮಂಡ್ಯ ಜಿಲ್ಲೆಯಿಂದ ಬಂದು ವಯನಾಡಿನಲ್ಲಿ ನೆಲೆಸಿರುವ ನನಗೆ ಈ ಊರಿನ ಪಂಚಾಯಿತಿಯ ಮೇಲೆ ವಿಶೇಷ ಗೌರವವಿದೆ. ತನ್ನ ಎಲ್ಲೆಯೊಳಗಿನ ವಾಹನ, ಅಡುಗೆಮನೆ, ಜಮೀನುಗಳಿಂದ ಹೊರಬೀಳುವ ಹಸಿರುಮನೆ ಅನಿಲಗಳನ್ನೂ ಅಲ್ಲಿನ ಮರ, ಮಣ್ಣು ಹೀರಿಕೊಳ್ಳುವ ಇಂಗಾಲವನ್ನೂ ತಾಳೆ ಹಾಕಿ, ಎರಡನ್ನೂ ಸರಿದೂಗಿಸಬೇಕೆಂಬ ಯೋಜನೆಯನ್ನು ಅದು 2016ರಲ್ಲಿ ಕೈಗೆತ್ತಿಕೊಂಡಿತು.

ಅದರ ಮರ ಬ್ಯಾಂಕ್ ಯೋಜನೆ ಹೆಚ್ಚು ಹೆಸರಾಗಿದೆ. ರೈತನು ಬೆಳೆಸಿದ ಮರವನ್ನು ಅಡವಾಗಿ ಇಟ್ಟುಕೊಂಡು, ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿಯಂತೆ 10 ವರ್ಷ ಬಡ್ಡಿಯಿಲ್ಲದ ಸಾಲವನ್ನು ಊರಿನ ಸಹಕಾರಿ ಬ್ಯಾಂಕ್ ಕೊಡುತ್ತದೆ. ಮರ ಕಡಿದರೆ ಹಣ ಹಿಂದಿರುಗಿಸಬೇಕು. ಇದಕ್ಕಾಗಿ ಕೇರಳ ಸರ್ಕಾರ 10 ಕೋಟಿ ರೂಪಾಯಿ ಇಟ್ಟಿದೆ. ಮರವೊಂದಕ್ಕೆ ಸಿಗುವ ಮೊತ್ತ ಚಿಕ್ಕದೆಂಬುದು ನಿಜ. ಆದರೆ ನಮ್ಮ ಕರ್ನಾಟಕದಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ಬದುಕುಳಿದ ಸಸಿಗೆ ಅರಣ್ಯ ಇಲಾಖೆ ಮೂರು ವರ್ಷ ಹಣ ಕೊಟ್ಟು ಕೈಬಿಡುತ್ತದೆ. ಮೀನಂಗಾಡಿಯಲ್ಲಿ ಮರದ ಲೆಕ್ಕ ಊರಿನಲ್ಲೇ, ರೈತನ ಕಣ್ಣೆದುರಿಗೇ ಇರುತ್ತದೆ.

ಮಂಡ್ಯದವರು ಇದನ್ನು ಹಾಗೆಯೇ ಎರವಲು ತರಬೇಕೆಂದು ನಾನು ಹೇಳಲಾರೆ. ವಯನಾಡಿನ ಕಾಫಿ ತೋಟದ ನೆರಳು ನಮ್ಮ ಬಯಲಿನಲ್ಲಿಲ್ಲ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಲೆಕ್ಕ ಶುರುವಾಗಬೇಕಾದುದು ಭತ್ತದ ಗದ್ದೆಯಿಂದ. ಸದಾ ನೀರು ನಿಂತ ಗದ್ದೆಯ ಮಣ್ಣಿಗೆ ಗಾಳಿ ಸಿಗದೆ, ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆತ ಕಸಕಡ್ಡಿಯಿಂದ ಮೀಥೇನ್ ಹುಟ್ಟಿಸುತ್ತವೆ. ನೂರು ವರ್ಷದ ಅವಧಿಗೆ ಲೆಕ್ಕ ಹಾಕಿದರೆ ಒಂದು ಕೆಜಿ ಮೀಥೇನ್ ಸುಮಾರು 28 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿಯೇರಿಸುತ್ತದೆ.

ಪರಿಹಾರ ದುಬಾರಿಯಲ್ಲ. ಒಂದಡಿ ಉದ್ದದ ಪ್ಲಾಸ್ಟಿಕ್ ಪೈಪಿನ ಕೆಳಭಾಗಕ್ಕೆ ತೂತು ಕೊರೆದು, ಆ ಭಾಗ ಮಣ್ಣಿನೊಳಗೆ ಇರುವಂತೆ ಗದ್ದೆಯಲ್ಲಿ ಹೂಳುತ್ತಾರೆ. ಒಳಗಿನ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಮತ್ತೆ ನೀರು ಹಾಯಿಸಿದರೆ ಸಾಕು, ಆದರೆ ಹೂ ಬಿಡುವ ಹೊತ್ತಿನಲ್ಲಿ ಗದ್ದೆಯಲ್ಲಿ ನೀರು ನಿಂತಿರಬೇಕು. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದ ಈ ಕ್ರಮದಲ್ಲಿ ಮೀಥೇನ್ ಮೂರನೇ ಒಂದರಿಂದ ಅರ್ಧದಷ್ಟು ಇಳಿಯುತ್ತದೆ, ನೀರೂ ಉಳಿಯುತ್ತದೆ. ಕಳೆ ಹೆಚ್ಚುವುದುಂಟು, ಇನ್ನೊಂದು ಹಸಿರುಮನೆ ಅನಿಲವಾದ ನೈಟ್ರಸ್ ಆಕ್ಸೈಡ್ ತುಸು ಏರುವುದುಂಟು; ಆದರೂ ಒಟ್ಟಾರೆ ಲಾಭವೇ.

ಹಾಗಿದ್ದರೂ ರೈತ ಗದ್ದೆ ತುಂಬ ನೀರು ಕಟ್ಟಿಕೊಳ್ಳುವುದೇಕೆ? ಮುಂದಿನ ಕಟ್ಟು ನೀರು, ಅಂದರೆ ಸರದಿಯಂತೆ ನಾಲೆಗೆ ಬಿಡುವ ನೀರು, ಹೇಳಿದ ದಿನ ಬರುತ್ತದೆಂಬ ಭರವಸೆ, ಅದರಲ್ಲೂ ನಾಲೆಯ ಕೊನೆಭಾಗದವರಿಗೆ, ಇಲ್ಲ. ಆದ್ದರಿಂದ ಮಂಡ್ಯದ ಹಳ್ಳಿಯೊಂದರ ಇಂಗಾಲದ ಯೋಜನೆಯು ನೀರು ಬಿಡುವ ದಿನಾಂಕವನ್ನು ಮೊದಲೇ ಸಾರಿ, ಅದನ್ನು ತಪ್ಪದೆ ಪಾಲಿಸುವ ವ್ಯವಸ್ಥೆಯಿಂದಲೇ ಆರಂಭವಾಗಬೇಕೆಂದು ನನ್ನ ದೃಢವಾದ ಅಭಿಪ್ರಾಯ. ರೈತನಿಗೆ ಬುದ್ಧಿ ಹೇಳುವ ಕೆಲಸ ಅದಾದ ಮೇಲಿನದು.

ಕಬ್ಬಿನ ತರಗಿನ, ಅಂದರೆ ಒಣಗಿದ ಎಲೆಗಳ, ವಿಚಾರವೂ ಇದೆ. ಕಟಾವಾದ ಮೇಲೆ, ಉಳಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಗೆ ಹೊಲ ಹಸನು ಮಾಡಲು ತರಗಿಗೆ ಬೆಂಕಿ ಇಡುವುದರಿಂದ ಹೊಗೆಯ ಜೊತೆ ಮಣ್ಣಿಗೆ ಸೇರಬೇಕಾದ ಸಾರಜನಕವೂ ಹೋಗುತ್ತದೆ. ಸಾಲುಗಳ ನಡುವೆ ಹರಡಿದರೆ ಅದೇ ತರಗು ತೇವ ಹಿಡಿದಿಡುತ್ತದೆ. ಆಳು ಸಿಗದ ಕಾಲದಲ್ಲಿ ಇದಕ್ಕೆ ತರಗು ಪುಡಿ ಮಾಡುವ ಯಂತ್ರ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಕಡಿಮೆ ಬಾಡಿಗೆಗೆ, ಬೇಕಾದ ವಾರದಲ್ಲೇ ಸಿಗಬೇಕು.

ಮೀನಂಗಾಡಿಯಿಂದ ಕಲಿಯಬೇಕಾದುದು ಲೆಕ್ಕ ಊರಿನ ಕೈಯಲ್ಲಿರಬೇಕು ಎಂಬುದನ್ನು. ಅದಕ್ಕೆ ಬೇಕಾದ ಪಳಗಿದ ಕೈಗಳು ಮಂಡ್ಯದ ಹಳ್ಳಿಗಳಲ್ಲಿ ಆಗಲೇ ಇವೆ. ಬೆಳಗ್ಗೆ, ಸಂಜೆ ಹಾಲಿನ ಡೇರಿಯಲ್ಲಿ ಒಬ್ಬೊಬ್ಬರ ಹಾಲನ್ನೂ ಅಳೆದು, ಕೊಬ್ಬಿನಂಶ ನೋಡಿ, ಪುಸ್ತಕಕ್ಕೆ ಬರೆದು, ಹಣ ಬಟವಾಡೆ ಮಾಡುವ ಶಿಸ್ತನ್ನು ಅಲ್ಲಿನ ರೈತರು ಒಪ್ಪಿ ನಡೆಸುತ್ತಿದ್ದಾರೆ. ಯಾರ ಗದ್ದೆಯಲ್ಲಿ ಪೈಪ್ ಇದೆ, ಯಾರು ತರಗು ಸುಡಲಿಲ್ಲ ಎಂಬುದನ್ನೂ ಅದೇ ಬಗೆಯಲ್ಲಿ ಬರೆದಿಟ್ಟು, ಗ್ರಾಮಸಭೆಯಲ್ಲಿ ಓದಿ ಹೇಳಿ, ಎಕರೆಗೆ ಇಷ್ಟೆಂದು ಪ್ರೋತ್ಸಾಹಧನವನ್ನು ಸಹಕಾರ ಸಂಘದ ಮೂಲಕ ಕೊಡಬಹುದು. ಮುಂದಿನ ವರ್ಷದ ಪಂಚಾಯಿತಿ ಕ್ರಿಯಾಯೋಜನೆಯಲ್ಲಿ ನಾಲೆಯ ಕೊನೆಭಾಗದ ಒಂದು ಊರನ್ನಾದರೂ ಆರಿಸಿಕೊಂಡು ಇದನ್ನು ಆರಂಭಿಸಬೇಕೆಂದು ನನ್ನ ಜಿಲ್ಲೆಯ ಪಂಚಾಯಿತಿ ಸದಸ್ಯರನ್ನು ಕೇಳಿಕೊಳ್ಳುತ್ತೇನೆ.