ಕಪ್ಪು ಪಟ್ಟಿ ಇರಲಿ ಬಿಡಿ

ನಿನ್ನೆ ರಾತ್ರಿ ಜಪಾನಿ ನಿರ್ದೇಶಕ ಕುರೊಸಾವಾ ಅವರ 1963ರ ‘ಹೈ ಅಂಡ್ ಲೋ’ ಹಾಕಿಕೊಂಡು ಕೂತೆ. ಐದೇ ನಿಮಿಷಕ್ಕೆ ತಲೆ ಕೆಟ್ಟುಹೋಯಿತು. ಮೇಲೆ ಕೆಳಗೆ ಕಪ್ಪು ಪಟ್ಟಿ ಬರದೆ ಟಿವಿ ತುಂಬಲಿ ಅಂತ ಚಿತ್ರವನ್ನು ಎರಡೂ ಕಡೆ ಕತ್ತರಿಸಿಬಿಟ್ಟಿದ್ದಾರೆ!

ಇದು 2.35:1 ಅಳತೆಯ, ಅಂದರೆ ಎತ್ತರದ 2.35 ಪಟ್ಟು ಅಗಲವಿರುವ, ಅಗಲ ಪರದೆಯ ಸಿನಿಮಾ. 16:9 ಟಿವಿ ತುಂಬುವಂತೆ ಹಿಗ್ಗಿಸಿದರೆ ಹೆಚ್ಚುಕಡಿಮೆ ಕಾಲು ಭಾಗ ಹೊರಗೆ ಹೋಗುತ್ತದೆ. ಹೋಗುವುದು ಸುಮ್ನೆ ಗೋಡೆಯಲ್ಲ. ಒಂದೇ ಕೋಣೆಯಲ್ಲಿ ಧಣಿ, ಅವನ ಹೆಂಡತಿ, ಪೊಲೀಸರು, ಅಪಹರಣವಾದ ಹುಡುಗನ ಅಪ್ಪ ಎಲ್ಲರೂ ಉದ್ದಕ್ಕೂ ನಿಂತಿರುತ್ತಾರೆ. ಆ ಅಪ್ಪ ಮನೆಯ ಡ್ರೈವರ್, ಹುಡುಗನನ್ನು ಬಿಡಿಸಲು ಹಣ ಕೊಡಬೇಕಾದವನು ಧಣಿ. ಅವನು ಅಂಚಿನಲ್ಲಿ ಕುಗ್ಗಿ ನಿಂತಿರುವುದೇ ಕಾಣದಿದ್ದರೆ ಧಣಿಯ ಸಂಕಟ ಹೇಗೆ ಅರ್ಥವಾಗಬೇಕು ಹೇಳಿ?

ಕೊನೆಯಲ್ಲಂತೂ ಅಳುವೇ ಬಂತು. ಜೈಲಿನಲ್ಲಿ ಗಾಜಿನ ಆಚೆ ಈಚೆ ಇಬ್ಬರು, ಧಣಿ ಮತ್ತು ಅಪಹರಣಕಾರ. ಒಬ್ಬನ ಮುಖದ ಪಕ್ಕ ಇನ್ನೊಬ್ಬನ ಪ್ರತಿಬಿಂಬ. ಮಗು ಉಳಿಯಿತು, ಅಪಹರಣಕಾರ ಸಿಕ್ಕಿಬಿದ್ದ, ಆದರೂ ಗೆದ್ದ ಖುಷಿಯಿಲ್ಲ. ಧಡ್ ಅಂತ ಶಟರ್ ಬೀಳುತ್ತದೆ. ಧಣಿಯ ಆ ಒಂಟಿ ಬೆನ್ನನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು, ಅಲ್ವಾ? ಅಷ್ಟರಲ್ಲಿ ‘ಮುಂದಿನ ಸಿನಿಮಾ 5 ಸೆಕೆಂಡಿನಲ್ಲಿ’ ಅಂತ ಬಂತು. ರಿಮೋಟ್ ಹುಡುಕುವಷ್ಟರಲ್ಲಿ ಬೇರೆ ಯಾವುದೋ ಹಾಡು ಶುರು.